ಯುದ್ಧಭೂಮಿಯಲ್ಲಿ ಐಟಿ ಕೆಲಸ: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಫ್ಘಾನಿಸ್ತಾನದ ಬಾಗ್ರಾಮ್ ಮತ್ತು ಕಂದಹಾರ್ ವಾಯುನೆಲೆಗಳಲ್ಲಿ ನಾನು ಗುತ್ತಿಗೆ ಕಂಪನಿಯೊಂದರ ನೆಟ್‌ವರ್ಕ್ ತಂತ್ರಜ್ಞನಾಗಿದ್ದೆ. ಊರಿಗೆ ಮರಳಿದ ಮೇಲೆ ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆ ಕಡೆಯ ಹುಡುಗರು, ಅವರಿಗಿಂತ ಹೆಚ್ಚಾಗಿ ಅವರ ಅಪ್ಪ-ಅಮ್ಮಂದಿರು, ಅದೇ ಪ್ರಶ್ನೆಗಳನ್ನು ಕೇಳುತ್ತಲೇ ಇದ್ದಾರೆ. ಮದುವೆ ಮಂಟಪದಲ್ಲಿ ನಿಂತು ಕೊಟ್ಟ ಉತ್ತರ ಮನೆ ಸೇರುವಷ್ಟರಲ್ಲಿ ಅರ್ಧ ಮರೆತಿರುತ್ತದೆ, ಅದಕ್ಕೇ ಬರೆದಿಟ್ಟಿದ್ದೇನೆ. ಬಾಗ್ರಾಮ್ ಬಿಟ್ಟು ಅಮೆರಿಕನ್ನರು 2021ರ ಜುಲೈನಲ್ಲಿ ಹೊರಟುಹೋದರು. ಆದರೆ ಇರಾಕ್, ಸೊಮಾಲಿಯಾ, ದಕ್ಷಿಣ ಸುಡಾನ್ ಎಂದು ಇಂಥ ಕೆಲಸ ಹುಡುಕಿ ಹೋಗುವವರು ಈಗಲೂ ಇದ್ದಾರೆ. ದೇಶ ಬೇರೆಯಾದರೂ ಹೊರಡುವ ಮುಂಚೆ ಕೇಳಿಕೊಳ್ಳಬೇಕಾದದ್ದು ಇವನ್ನೇ.

ಇದೂ ಒಂದು ರೀತಿ ಮಿಲಿಟರಿಗೆ ಸೇರಿದ ಹಾಗೆಯೇ ಅಲ್ಲವೇ?

ಅಲ್ಲ. ನಮ್ಮ ಜಿಲ್ಲೆಯಲ್ಲಿ ಹಾಗೆ ಅನ್ನಿಸುವುದು ಸಹಜ. 1949ರ ಜನವರಿ 15ರಂದು ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಇಲ್ಲಿನ ಕಾರ್ಯಪ್ಪನವರು. ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಹೊರದೇಶದ ಯುದ್ಧಭೂಮಿ ಎಂದ ಕೂಡಲೇ ನಮ್ಮ ಹಿರಿಯರ ಕಣ್ಣಿಗೆ ಬರುವುದು ಸಮವಸ್ತ್ರ.

ಸೈನಿಕನೊಬ್ಬ ಹೋದರೆ ಅವನ ಹಿಂದೆ ರೆಜಿಮೆಂಟ್ ಇರುತ್ತದೆ. ಪಿಂಚಣಿ, ಕ್ಯಾಂಟೀನ್, ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ, ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿ ಎಲ್ಲವೂ ಅವನ ಮನೆಯವರಿಗೆ ಉಂಟು. ಗುತ್ತಿಗೆಯ ತಂತ್ರಜ್ಞನ ಹಿಂದೆ ಇರುವುದು ಅವನು ಸಹಿ ಹಾಕಿದ ಕಾಗದ ಮಾತ್ರ. ಅವನಿಗೆ ಏನಾದರೂ ಆದರೆ ಆ ಕಾಗದದಲ್ಲಿ ಬರೆದಿದ್ದಷ್ಟೇ ಮನೆಗೆ ಬರುತ್ತದೆ. ಹಾಗಾಗಿ ಧೈರ್ಯ ಇದೆಯಾ ಎಂದು ನಾನು ಯಾರನ್ನೂ ಕೇಳುವುದಿಲ್ಲ. ಒಪ್ಪಂದ ಓದಿದ್ದೀರಾ ಎಂದು ಕೇಳುತ್ತೇನೆ.

ಕಾನೂನಿನಲ್ಲೂ ನೀವು ನಾಗರಿಕರೇ. 1949ರ ಮೂರನೇ ಜಿನೀವಾ ಒಪ್ಪಂದದ 4ನೇ ವಿಧಿಯಲ್ಲಿ, ಸೈನ್ಯದ ಭಾಗವಾಗದೆ ಅದರ ಜೊತೆಗಿರುವ ಗುತ್ತಿಗೆದಾರರು, ಕೆಲಸಗಾರರ ಮಾತು ಬರುತ್ತದೆ. ಅಂಥವರು ಶತ್ರು ದೇಶದ ಕೈಗೆ ಸಿಕ್ಕರೆ ಯುದ್ಧಕೈದಿಯ ರಕ್ಷಣೆ ಸಿಗಬೇಕು, ಅದಕ್ಕಾಗಿ ಸೈನ್ಯ ಅವರಿಗೆ ಗುರುತಿನ ಚೀಟಿ ಕೊಡಬೇಕು. ಒಪ್ಪಂದಕ್ಕೆ ಬೆಲೆ ಕೊಡದ ಬಂಡುಕೋರರ ಕೈಗೆ ಸಿಕ್ಕರೆ ಆ ಚೀಟಿಯಿಂದ ಏನೂ ಆಗದು.

ಕೊಡಗಿನವರಿಗೆ ಕೋವಿ ಹೊಸದಲ್ಲ. ಅಲ್ಲಿ ಆಯುಧ ಕೊಡುತ್ತಾರಾ?

ಇಲ್ಲ, ನೀವೂ ಕೇಳಬೇಡಿ. ತಂತ್ರಜ್ಞನ ಕೈಯಲ್ಲಿ ಆಯುಧವಿದ್ದರೆ ಅವನನ್ನು ನಾಗರಿಕ ಎಂದು ಯಾರೂ ನೋಡುವುದಿಲ್ಲ. ನಿಮಗೆ ಕೊಡುವುದು ಹೆಲ್ಮೆಟ್ ಮತ್ತು ಗುಂಡು ನಿರೋಧಕ ಜಾಕೆಟ್. ಗುಂಡು ತಡೆಯುವ ತಟ್ಟೆಗಳನ್ನು ಒಳಗೆ ಹಾಕಿದ ಜಾಕೆಟ್ ಬಹಳ ಭಾರ. ಹೊಸಬರು ಅದನ್ನು ಮಂಚದ ಕೆಳಗೆ ತಳ್ಳಿಬಿಡುತ್ತಾರೆ. ಕತ್ತಲೆಯಲ್ಲಿ ಕೈ ಚಾಚಿದರೆ ಸಿಗುವ ಕಡೆ ಇಡಿ.

ಒಂದು ದಿನ ಹೇಗೆ ಕಳೆಯುತ್ತದೆ?

ದಿನಕ್ಕೆ 12 ಗಂಟೆ, ವಾರಕ್ಕೆ 7 ದಿನ. ಇದು ಅಂಥ ಗುತ್ತಿಗೆಗಳಲ್ಲಿ ಸಾಮಾನ್ಯ ಲೆಕ್ಕ, ಅಂದರೆ ವಾರಕ್ಕೆ 84 ಗಂಟೆ. ಭಾನುವಾರ ಬಂದದ್ದೂ ಗೊತ್ತಾಗುವುದಿಲ್ಲ. ಅಫ್ಘಾನಿಸ್ತಾನದ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಬಾಗ್ರಾಮ್ ಕಾಬೂಲಿನ ಉತ್ತರಕ್ಕೆ, ಸಮುದ್ರಮಟ್ಟದಿಂದ ಸುಮಾರು 1,490 ಮೀಟರ್ ಎತ್ತರದಲ್ಲಿದೆ, ಮಡಿಕೇರಿಗಿಂತಲೂ 300 ಮೀಟರ್‌ನಷ್ಟು ಮೇಲೆ. ಆದರೆ ಮಡಿಕೇರಿಯ ಹಸಿರು, ತೇವ ಯಾವುದೂ ಇಲ್ಲ. ಚಳಿಗಾಲದಲ್ಲಿ ಹಿಮ, ಉಳಿದಂತೆ ಧೂಳು. ದೂರದಲ್ಲಿ ಹಿಂದೂಕುಶ್ ಪರ್ವತ ಮಾತ್ರ ಬಹಳ ಚೆನ್ನಾಗಿ ಕಾಣುತ್ತದೆ.

ವಾಸ ಕಂಟೇನರ್ ಕೋಣೆಯಲ್ಲಿ ಅಥವಾ ಪ್ಲೈವುಡ್ ಗುಡಿಸಲಿನಲ್ಲಿ. ಪಕ್ಕದ ಮಂಚದವನು ನೇಪಾಳಿ, ಕೀನ್ಯಾದವನು, ಬೋಸ್ನಿಯಾದವನು ಯಾರಾದರೂ ಆಗಿರಬಹುದು. ಅವನದು ರಾತ್ರಿ ಪಾಳಿಯಾದರೆ ನೀವು ದೀಪ ಹಾಕದೆ ಬಟ್ಟೆ ಹಾಕಿಕೊಳ್ಳುವುದನ್ನು ಕಲಿಯುತ್ತೀರಿ. ಸ್ನಾನ, ಶೌಚಕ್ಕೆ ಜಲ್ಲಿಕಲ್ಲಿನ ಮೇಲೆ ನಡೆದು ಬೇರೆ ಟ್ರೈಲರ್‌ಗೆ ಹೋಗಬೇಕು. ಕಂದಹಾರ್‌ನಲ್ಲಿ ನೆಲೆಯ ಕೊಳಚೆಯೆಲ್ಲ ಒಂದು ದೊಡ್ಡ ಬಯಲು ಕೊಳಕ್ಕೆ ಹೋಗುತ್ತಿತ್ತು. ಬೇಸಗೆಯಲ್ಲಿ ಗಾಳಿ ತಿರುಗಿದರೆ ಊಟ ಸೇರದಷ್ಟು ವಾಸನೆ. ರಾತ್ರಿಯಿಡೀ ವಿಮಾನ ಏಳುತ್ತವೆ, ಇಳಿಯುತ್ತವೆ. ಕಿವಿಗೆ ಇಡುವ ಸ್ಪಂಜಿನ ಬಿರಡೆಗಳನ್ನು ಊರಿನಿಂದಲೇ ಒಯ್ಯಿರಿ.

ಬೆಳಿಗ್ಗೆ ಪಾಳಿ ಬದಲಾಗುವಾಗ ರಾತ್ರಿಯವನು ದೂರುಗಳ ಪಟ್ಟಿ ಒಪ್ಪಿಸುತ್ತಾನೆ. ಯಾವ ಕಟ್ಟಡದಲ್ಲಿ ನೆಟ್ ಇಲ್ಲ, ಯಾವ ಫೋನ್ ಸತ್ತಿದೆ, ಯಾವ ಯುಪಿಎಸ್ ಕೂಗುತ್ತಿದೆ ಎಂದೆಲ್ಲ. ಅದನ್ನು ಹಿಡಿದು ಹೊರಟರೆ ಊಟದ ಹೊತ್ತು, ಮತ್ತೆ ಹೊರಟರೆ ಕತ್ತಲೆ. ಸಂಜೆ ಒಂದು ಗಂಟೆ ವ್ಯಾಯಾಮ, ಮನೆಗೆ ಫೋನ್, ನಿದ್ದೆ. ಹೀಗೇ ತಿಂಗಳುಗಟ್ಟಲೆ. ಭಯ ತಾಳಲಾರದೆ ಕೆಲಸ ಬಿಟ್ಟವರಿಗಿಂತ ಈ ಏಕತಾನ ತಾಳಲಾರದೆ ಬಿಟ್ಟವರನ್ನೇ ನಾನು ಹೆಚ್ಚು ಕಂಡಿದ್ದೇನೆ. ಓದು, ಸರ್ಟಿಫಿಕೇಟ್ ಪರೀಕ್ಷೆ, ಚೆಸ್, ಏನಾದರೊಂದು ಹಿಡಿದುಕೊಳ್ಳಿ. ಮೊಬೈಲ್ ನೋಡುತ್ತಾ ಕಳೆದವನು ಬೇಗ ಕುಸಿಯುತ್ತಾನೆ.

ನೆಟ್‌ವರ್ಕ್ ಎಲ್ಲಿದ್ದರೂ ನೆಟ್‌ವರ್ಕೇ ಅಲ್ಲವೇ? ಅಲ್ಲಿನ ಕೆಲಸದಲ್ಲಿ ಏನು ವ್ಯತ್ಯಾಸ?

ಸ್ವಿಚ್, ರೂಟರ್ ಅವೇ. ಅವು ಕೆಡುವ ಕಾರಣಗಳು ಬೇರೆ.

ಮೊದಲನೆಯದು ಧೂಳು. ಅಲ್ಲಿನದು ಟಾಲ್ಕಂ ಪೌಡರ್‌ನಷ್ಟು ನಯ. ಫ್ಯಾನಿನೊಳಗೆ ಕೂತು ಬಿಸಿ ಹೊರಹೋಗದಂತೆ ಮಾಡುತ್ತದೆ. ಫೈಬರ್ ತುದಿಯ ಮೇಲೆ ಒಂದು ಕಣ ಕೂತರೂ ಲಿಂಕ್ ಹೋಗುತ್ತದೆ. ಕನೆಕ್ಟರ್ ಒರೆಸದೆ ಚುಚ್ಚಬಾರದು ಎಂಬ ಪಾಠ ಬೆಂಗಳೂರಿನ ಎಸಿ ಡೇಟಾ ಸೆಂಟರಿನಲ್ಲಿ ಪುಸ್ತಕದ ಮಾತು, ಅಲ್ಲಿ ದಿನದ ಕೆಲಸ.

ಎರಡನೆಯದು ಕರೆಂಟ್. ನೆಲೆಯಲ್ಲಿ ಅಮೆರಿಕದ 120 ವೋಲ್ಟ್, 60 ಹರ್ಟ್ಸ್ ಒಂದು ಕಡೆ, ನಮ್ಮ ಹಾಗೆ 230 ವೋಲ್ಟ್, 50 ಹರ್ಟ್ಸ್ ಇನ್ನೊಂದು ಕಡೆ. ಎಲ್ಲವೂ ಡೀಸೆಲ್ ಜನರೇಟರ್‌ನದು. ಅದು ಬದಲಾಗುವಾಗಿನ ಒಂದು ಕ್ಷಣದ ಏರುಪೇರಿಗೆ ಉಪಕರಣ ಸುಟ್ಟುಹೋಗುತ್ತದೆ. ಯಾವ ಸಾಕೆಟ್ ಯಾವುದು ಎಂದು ಮೀಟರ್ ಹಿಡಿದು ನೋಡದೆ ಏನನ್ನೂ ಚುಚ್ಚಬೇಡಿ. ಅರ್ತಿಂಗ್ ಸರಿಯಿಲ್ಲದ ಕಡೆ ಜೀವಕ್ಕೇ ಅಪಾಯ.

ಮೂರನೆಯದು ಉಪಗ್ರಹ. ದೂರದ ಸಣ್ಣ ಠಾಣೆಗಳಿಗೆ ಕೇಬಲ್ ಇರುವುದಿಲ್ಲ, ವಿಸ್ಯಾಟ್ ಎಂಬ ಸಣ್ಣ ಉಪಗ್ರಹ ಡಿಶ್ಶೇ ಗತಿ. ಅದು ಮಾತಾಡುವ ಉಪಗ್ರಹ ಇರುವುದು 35,786 ಕಿ.ಮೀ. ಎತ್ತರದಲ್ಲಿ. ಮಾತು ಮೇಲೆ ಹೋಗಿ ಕೆಳಗಿಳಿದು, ಉತ್ತರವೂ ಹಾಗೇ ಬರಬೇಕಾದ್ದರಿಂದ ಅರ್ಧ ಸೆಕೆಂಡಿಗೂ ಮಿಕ್ಕಿ ತಡ. ಎಷ್ಟು ದುಬಾರಿ ರೂಟರ್ ತಂದರೂ ಆ ತಡ ಹೋಗದು, ಏಕೆಂದರೆ ಅದು ಬೆಳಕಿನ ವೇಗದ ಮಿತಿ. ಇದನ್ನು ಸಿಟ್ಟಾದ ಮೇಜರ್ ಒಬ್ಬರಿಗೆ ತಾಳ್ಮೆಯಿಂದ ವಿವರಿಸುವುದೂ ನಿಮ್ಮ ಕೆಲಸ. ಮಳೆಗೆ ಸಿಗ್ನಲ್ ಹೋಗುವುದನ್ನು ಮಾತ್ರ ಕೊಡಗಿನವನಿಗೆ ಯಾರೂ ಕಲಿಸಬೇಕಿಲ್ಲ, ಆಟಿ ತಿಂಗಳಲ್ಲಿ ಮನೆಯ ಡಿಶ್ ಟಿವಿ ನಿಲ್ಲುವುದೂ ಇದೇ ಕಾರಣಕ್ಕೆ.

ಇಷ್ಟಾದರೂ ಹೆಚ್ಚಿನ ಕೇಬಲ್ ಕಡಿದದ್ದು ಶತ್ರುವಿನ ರಾಕೆಟ್ಟಿನಿಂದಲ್ಲ, ನೆಲೆಯೊಳಗೇ ಅಗೆಯುತ್ತಿದ್ದ ಜೆಸಿಬಿಯಿಂದ. ಎಲ್ಲಿ ಏನು ಹೂತಿದೆ ಎಂಬ ನಕ್ಷೆಯನ್ನು ಅಚ್ಚುಕಟ್ಟಾಗಿ ಇಟ್ಟವನಿಗೆ ಅಲ್ಲಿ ನಿಜವಾದ ಮರ್ಯಾದೆ. ಬಿಡಿಭಾಗ ಬರಲು ವಾರಗಳಾಗಬಹುದು, ಆದ್ದರಿಂದ ಕೆಟ್ಟ ಉಪಕರಣವನ್ನೂ ಎಸೆಯುವುದಿಲ್ಲ. ಅದರ ಪವರ್ ಸಪ್ಲೈ ಮುಂದಿನ ತಿಂಗಳು ಬೇಕಾಗುತ್ತದೆ.

ಆ ಲಿಂಕಿನ ತುದಿಯಲ್ಲಿ ಆಸ್ಪತ್ರೆ ಇರುತ್ತದೆ, ಗಾಯಾಳುವನ್ನು ತರುವ ಹೆಲಿಕಾಪ್ಟರ್ ಕರೆಯುವ ಕೋಣೆ ಇರುತ್ತದೆ. ನೀವು ಬೇಗ ಸರಿಪಡಿಸಿದರೆ ಯಾರಿಗೋ ಒಳ್ಳೆಯದಾಗುತ್ತದೆ. ಆ ಕೆಲಸದಲ್ಲಿ ನನಗೆ ಸಿಕ್ಕ ತೃಪ್ತಿ ಆಮೇಲೆ ಬೇರೆಲ್ಲೂ ಸಿಕ್ಕಿಲ್ಲ.

ರಾಕೆಟ್ ದಾಳಿ ಆದಾಗ ಏನು ಮಾಡಬೇಕು?

ಬಾಗ್ರಾಮ್, ಕಂದಹಾರ್ ಎರಡರ ಮೇಲೂ 107 ಮಿ.ಮೀ. ರಾಕೆಟ್‌ಗಳು ಬೀಳುತ್ತಿದ್ದವು. ದಿಕ್ಕು ನಿಯಂತ್ರಿಸಲಾಗದ ಹಳೇ ಮಾದರಿಯವು, ಹೊಲದ ಬದುವಿಗೆ ಒರಗಿಸಿ ಹಾರಿಸಿಬಿಡುತ್ತಾರೆ. ಗುರಿ ಇಲ್ಲದ್ದರಿಂದ ಎಲ್ಲಿ ಬೇಕಾದರೂ ಬೀಳಬಹುದು, ಊಟದ ಸಾಲಿನ ಮೇಲೂ. ಸೈರನ್ ಕೂಗಿದ ಕೂಡಲೇ ಇದ್ದಲ್ಲೇ ನೆಲಕ್ಕೆ ಬೀಳಿ, ಮುಖ ಕೆಳಗೆ, ಕೈ ತಲೆಯ ಮೇಲೆ. ಓಡಬೇಡಿ. ಚೂರುಗಳು ಮೇಲ್ಮುಖವಾಗಿ ಹಾರುವುದರಿಂದ ನಿಂತವನಿಗೇ ಹೆಚ್ಚು ಪೆಟ್ಟು. ಒಂದೆರಡು ನಿಮಿಷ ಕಳೆದ ಮೇಲೆ ಕಾಂಕ್ರೀಟ್ ಬಂಕರ್‌ಗೆ ಹೋಗಿ, ತಲೆ ಎಣಿಸುವಾಗ ಹೆಸರು ಹೇಳಿ, ಅಪಾಯ ಮುಗಿಯಿತು ಎನ್ನುವವರೆಗೂ ಅಲ್ಲೇ ಇರಿ.

ತಿಂಗಳೆರಡು ಕಳೆದರೆ ಸೈರನ್ನಿಗೆ ಅಭ್ಯಾಸವಾಗುತ್ತದೆ. ಹಾಸಿಗೆಯಿಂದ ಏಳದೆ ಮಗ್ಗುಲು ಬದಲಾಯಿಸುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗಾಗಬೇಡಿ.

ಊಟ? ಪಂದಿಕರಿ, ಒಂದು ಪೆಗ್?

ಊಟ ಧಾರಾಳ, ಅಕ್ಕಿ ಅನ್ನವೂ ಸಿಗುತ್ತದೆ. ಅಮೆರಿಕನ್ ನೆಲೆಗಳಲ್ಲಿ ಮದ್ಯಕ್ಕೆ ಪೂರ್ತಿ ನಿಷೇಧ, ಸಿಕ್ಕಿಬಿದ್ದರೆ ಮುಂದಿನ ವಿಮಾನಕ್ಕೇ ವಾಪಸ್. ಅಮ್ಮ ಕಟ್ಟಿಕೊಟ್ಟ ಕಾಫಿಪುಡಿ ಒಯ್ಯಿರಿ, ಸ್ನೇಹಿತರು ಸಿಗುತ್ತಾರೆ.

ಮಗ ಎರಡು ದಿನದಿಂದ ಫೋನ್ ಮಾಡಿಲ್ಲ. ಏನಾದರೂ ಆಗಿದೆಯಾ?

ಅಮ್ಮಂದಿರೇ, ಈ ಉತ್ತರವನ್ನು ಗಮನವಿಟ್ಟು ಓದಿ. ನೆಲೆಯಲ್ಲಿ ಯಾರಾದರೂ ಸೈನಿಕ ಸತ್ತರೆ ಅಥವಾ ತೀವ್ರವಾಗಿ ಗಾಯಗೊಂಡರೆ, ಅವನ ಮನೆಯವರಿಗೆ ಸೈನ್ಯವೇ ಸುದ್ದಿ ಮುಟ್ಟಿಸುವವರೆಗೆ ಖಾಸಗಿ ಫೋನು, ಇಂಟರ್ನೆಟ್ ಎಲ್ಲವನ್ನೂ ನಿಲ್ಲಿಸುತ್ತಾರೆ. ಯಾರದೋ ಫೇಸ್‌ಬುಕ್‌ನಿಂದ ಒಬ್ಬ ತಾಯಿಗೆ ಮಗನ ಸಾವು ತಿಳಿಯಬಾರದು ಎಂಬ ಕಾರಣಕ್ಕೆ. ಆಗ ನೆಲೆಯಲ್ಲಿರುವ ಸಾವಿರಾರು ಜನರ ಮನೆಗಳಿಗೂ ಫೋನ್ ಹೋಗುವುದಿಲ್ಲ. ನಿಮ್ಮ ಮಗ ಸುಮ್ಮನಾಗಿರಲು ಬಹುತೇಕ ಇದೇ ಕಾರಣ.

ಹುಡುಗರಿಗೆ ಹೇಳುವುದು: ಹೊರಡುವ ಮುಂಚೆಯೇ ಇದನ್ನು ಮನೆಯಲ್ಲಿ ವಿವರಿಸಿ. ಇಷ್ಟು ದಿನ ಸುದ್ದಿ ಇಲ್ಲದಿದ್ದರೆ ಕಂಪನಿಯ ಯಾವ ಸಂಖ್ಯೆಗೆ ಕರೆಯಬೇಕು ಎಂದು ಬರೆದು ಗೋಡೆಗೆ ಅಂಟಿಸಿ. ಪ್ರತಿದಿನ ಎಂಟಕ್ಕೆ ಸರಿಯಾಗಿ ಮಾಡುತ್ತೇನೆ ಎಂದು ಮಾತು ಕೊಡಬೇಡಿ. ಎಂಟೂಕಾಲಿಗೆ ಅಮ್ಮನಿಗೆ ಊಟ ಸೇರುವುದಿಲ್ಲ. ಅಲ್ಲಿಯ ಫೋಟೊ, ಜಾಗದ ಗುರುತು ಏನನ್ನೂ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ.

ಅಲ್ಲಿನ ಜನ ಹೇಗೆ?

ನೆಲೆಯೊಳಗೆ ಕೆಲಸಕ್ಕೆ ಬರುವ ಸ್ಥಳೀಯರ ಜೊತೆ ಮಾತ್ರ ನನಗೆ ಒಡನಾಟವಿದ್ದದ್ದು. ಹಿಂದೂಸ್ತಾನದವನು ಎಂದು ತಿಳಿದರೆ ಮುಖ ಅರಳುತ್ತಿತ್ತು. ಹಿಂದಿ ಸಿನಿಮಾ ನೋಡಿ ಹಿಂದಿ ಕಲಿತವರು ಬಹಳ ಜನ. ನಮ್ಮ ದೇಶ ಅಲ್ಲಿ ಕಟ್ಟಿದ್ದನ್ನೂ ಅವರು ಬಲ್ಲರು: ಗಡಿ ರಸ್ತೆ ಸಂಸ್ಥೆ ಹಾಕಿದ 218 ಕಿ.ಮೀ. ಉದ್ದದ ಜರಂಜ್-ದೆಲಾರಾಮ್ ರಸ್ತೆ, ಪುಲ್-ಎ-ಖುಮ್ರಿಯಿಂದ ಕಾಬೂಲಿಗೆ ಕರೆಂಟ್ ತಂದ ಲೈನು, ಹೆರಾತ್‌ನ ಸಲ್ಮಾ ಅಣೆಕಟ್ಟು. ಕೇಬಲ್ ಎಳೆಯಲು ಬರುತ್ತಿದ್ದ ಹುಡುಗರು ಸಂಜೆ ಗೇಟು ದಾಟಿ ಹಳ್ಳಿಗೆ ಹೋಗುವಾಗ ಬ್ಯಾಡ್ಜನ್ನು ಬಟ್ಟೆಯೊಳಗೆ ಬಚ್ಚಿಡುತ್ತಿದ್ದರು. ವಿದೇಶಿಯರ ಜೊತೆ ಕೆಲಸ ಮಾಡುವುದು ತಿಳಿದರೆ ಕೊಲ್ಲುತ್ತಾರೆಂದು. ನಮಗೆ ಗೋಡೆಯೊಳಗಿನ ಅಪಾಯ ಮಾತ್ರ, ಅವರಿಗೆ ಮನೆಯಲ್ಲೂ. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ಕೈಗೆ ಹೋದಾಗ ನನಗೆ ಮೊದಲು ನೆನಪಾದವರು ಅವರೇ.

ಏಜೆಂಟ್ ದುಬೈಗೆ ವಿಸಿಟ್ ವೀಸಾ ಕೊಡುತ್ತೇನೆ, ಅಲ್ಲಿಂದ ಮುಂದೆ ಕಳಿಸುತ್ತೇನೆ ಅನ್ನುತ್ತಾನೆ. ಹೋಗಬಹುದಾ?

ಬೇಡ. ಈ ಪುಟದಲ್ಲಿ ಬೇರೇನೂ ನೆನಪಿಡದಿದ್ದರೂ ಇದನ್ನು ನೆನಪಿಡಿ.

2004ರಲ್ಲಿ ಭಾರತ ಸರ್ಕಾರ ಇರಾಕಿಗೆ ಕೆಲಸಕ್ಕೆ ಹೋಗುವುದನ್ನು ನಿಷೇಧಿಸಿದಾಗಲೂ ಕುವೈತ್ ದಾರಿಯಾಗಿ ಜನ ಹೋದರು. ಅಂಥವರು ಎಲ್ಲಿದ್ದಾರೆ ಎಂಬುದು ಸರ್ಕಾರದ ಯಾವ ಕಡತದಲ್ಲೂ ಇರುವುದಿಲ್ಲ. 2014ರಲ್ಲಿ ಮೊಸೂಲ್‌ನಲ್ಲಿ ಅಪಹರಣವಾದ 39 ಭಾರತೀಯ ಕಾರ್ಮಿಕರ ಸಾವು ಅವರ ಮನೆಗಳಿಗೆ ಖಚಿತವಾದದ್ದು 2018ರಲ್ಲಿ. 2024ರಲ್ಲಿ ನಮ್ಮದೇ ರಾಜ್ಯದ ಕಲಬುರಗಿಯ ಹುಡುಗರು ರಷ್ಯಾದಲ್ಲಿ ಸಹಾಯಕರ ಕೆಲಸ ಎಂಬ ಮಾತು ನಂಬಿ ಹೋಗಿ ಉಕ್ರೇನ್ ಯುದ್ಧದೊಳಗೆ ಸಿಕ್ಕಿಬಿದ್ದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೀರಿ. ಕಚೇರಿ ಕೆಲಸ ಎಂದು ಕರೆದು ಬೇರೇನನ್ನೋ ಮಾಡಿಸುವುದು ನಡೆಯುತ್ತದೆ.

ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿತನೇ ಎಂದು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾಶುಲ್ಕ ಗರಿಷ್ಠ 30,000 ರೂಪಾಯಿ ಮತ್ತು ಜಿಎಸ್‌ಟಿ. ಮೂರು ಲಕ್ಷ ಕೇಳುವವನ ಜೊತೆ ಮುಂದೆ ಮಾತೇ ಬೇಡ. ತೋಟದ ಮೇಲೆ ಸಾಲ ತೆಗೆದು ಏಜೆಂಟಿಗೆ ಕೊಟ್ಟವನು ಅಲ್ಲಿ ಎಷ್ಟೇ ಅಪಾಯ ಕಂಡರೂ ಹಿಂದಿರುಗಲಾರ, ಅದಕ್ಕೇ ಹೇಳುತ್ತಿದ್ದೇನೆ. ತಲುಪಿದ ಮೇಲೆ ಪಾಸ್‌ಪೋರ್ಟ್ ಯಾರ ಕೈಗೂ ಬಿಡಬೇಡಿ. ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. 2015ರಲ್ಲಿ ಯೆಮನ್‌ನಿಂದ, 2021ರಲ್ಲಿ ಕಾಬೂಲ್‌ನಿಂದ, 2023ರಲ್ಲಿ ಸುಡಾನ್‌ನಿಂದ ನಮ್ಮವರನ್ನು ಕರೆತಂದಾಗ ಯಾರು ಎಲ್ಲಿದ್ದಾರೆ ಎಂಬ ಪಟ್ಟಿಯೇ ಮೊದಲು ಬೇಕಾದದ್ದು.

ಗಾಯವಾದರೆ, ಅಥವಾ ಜೀವ ಹೋದರೆ ಮನೆಗೆ ಏನು ಸಿಗುತ್ತದೆ?

ಕೇಳಲು ಎಲ್ಲರಿಗೂ ಸಂಕೋಚ. ಆದರೆ 2006ರ ಏಪ್ರಿಲ್‌ನಲ್ಲಿ ಅಫ್ಘಾನಿಸ್ತಾನದ ಜಾಬೂಲ್ ಪ್ರಾಂತ್ಯದಲ್ಲಿ ಅಪಹರಿಸಿ ಕೊಂದದ್ದು ಹೈದರಾಬಾದಿನ ಒಬ್ಬ ಟೆಲಿಕಾಂ ಎಂಜಿನಿಯರನ್ನು, ನಮ್ಮಂಥದೇ ಕೆಲಸ ಮಾಡುತ್ತಿದ್ದವರನ್ನು. ಆದ್ದರಿಂದ ಕೇಳಲೇಬೇಕು.

ಅಮೆರಿಕ ಸರ್ಕಾರದ ಗುತ್ತಿಗೆಯಾದರೆ 1941ರ ಡಿಫೆನ್ಸ್ ಬೇಸ್ ಆ್ಯಕ್ಟ್ ಎಂಬ ಅಲ್ಲಿನ ಕಾನೂನು ನಿಮಗೂ ಅನ್ವಯಿಸುತ್ತದೆ. ನೌಕರ ಯಾವ ದೇಶದವನಾದರೂ ಕಂಪನಿ ವಿಮೆ ಮಾಡಿಸಲೇಬೇಕು, ಉಪಗುತ್ತಿಗೆ ಕಂಪನಿಯಾದರೂ ಸರಿ. ದುಡಿಯಲಾಗದಂತೆ ಗಾಯವಾದರೆ ಸರಾಸರಿ ವಾರದ ಸಂಬಳದ ಮೂರನೇ ಎರಡು ಭಾಗ ಮತ್ತು ಚಿಕಿತ್ಸೆ. ತೀರಿಕೊಂಡರೆ ಹೆಂಡತಿ, ಮಕ್ಕಳಿಗೆ ಪರಿಹಾರ. ಗಾಯವಾದ 30 ದಿನದೊಳಗೆ ಬರಹದಲ್ಲಿ ತಿಳಿಸಬೇಕು, ಸಾಮಾನ್ಯವಾಗಿ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಮ್ಮವರಿಗೆ ಈ ಕಾನೂನಿನ ಹೆಸರೇ ಗೊತ್ತಿಲ್ಲದೆ ವರ್ಷ ದಾಟಿಹೋಗುತ್ತದೆ.

ಮದುವೆಯಾಗದ ಹುಡುಗರು ಒಂದು ಮಾತು ಕೇಳಿ. ವಿದೇಶಿ ನೌಕರನಿಗೆ ಹೆಂಡತಿ-ಮಕ್ಕಳಿಲ್ಲದಿದ್ದರೆ, ಹಿಂದಿನ ಒಂದು ವರ್ಷ ಅವನ ಆಸರೆಯಲ್ಲಿದ್ದ ತಂದೆ ಅಥವಾ ತಾಯಿಗೆ ಮಾತ್ರ ಈ ಪರಿಹಾರ. ಆಸರೆಗೆ ದಾಖಲೆ ಬೇಕು. ಅಪ್ಪ-ಅಮ್ಮನಿಗೆ ಹಣವನ್ನು ಕೈಗೆ ಕೊಡದೆ ತಿಂಗಳು ತಿಂಗಳೂ ಬ್ಯಾಂಕ್ ಮೂಲಕವೇ ಕಳಿಸಿ.

ಗುತ್ತಿಗೆ ಬೇರೆ ದೇಶದ್ದಾದರೆ ಈ ಕಾನೂನು ಇಲ್ಲ, ಒಪ್ಪಂದದಲ್ಲಿರುವ ವಿಮೆಯೇ ಎಲ್ಲ. ಊರಿನಲ್ಲಿ ಮಾಡಿಸಿದ ಅಪಘಾತ ವಿಮೆ ಸಾಮಾನ್ಯವಾಗಿ ಯುದ್ಧದಿಂದಾದ ಸಾವು-ನೋವಿಗೆ ಹಣ ಕೊಡುವುದಿಲ್ಲ. ಪಾಲಿಸಿಯ ಹೊರಗಿಟ್ಟ ಅಂಶಗಳನ್ನು ಓದಿ. ಓದಲು ಕಷ್ಟವಾದರೆ ಮಡಿಕೇರಿಯ ಯಾವುದಾದರೂ ವಕೀಲರ ಮುಂದೆ ಇಡಿ.

ಬಂದ ದುಡ್ಡಲ್ಲಿ ಪಕ್ಕದ ಕಾಫಿ ತೋಟ ಕೊಳ್ಳಬಹುದಾ?

ಅಲ್ಲಿ ಕೆಲಸದಲ್ಲಿ ಇರುವಾಗ ಕೊಳ್ಳುವಂತಿಲ್ಲ. ಉದ್ಯೋಗಕ್ಕಾಗಿ ಹೊರದೇಶಕ್ಕೆ ಹೋದವರು ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಅನಿವಾಸಿ. ಅನಿವಾಸಿಗಳು ಕೃಷಿ ಭೂಮಿ, ತೋಟ, ಫಾರ್ಮ್‌ಹೌಸ್ ಖರೀದಿಸಬಾರದು. ಹಿರಿಯರಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು, ಮನೆ-ನಿವೇಶನ ಕೊಳ್ಳಬಹುದು. ವಾಪಸ್ ಬಂದು ಇಲ್ಲೇ ನೆಲೆಸಿದ ಮೇಲೆ ತೋಟ ನೋಡಿ. ಇದು ತಿಳಿಯದೆ ಮುಂಗಡ ಕೊಟ್ಟವರಿದ್ದಾರೆ. ಸಂಬಳಕ್ಕೆ ಎನ್‌ಆರ್‌ಇ ಖಾತೆ, ಅಂದರೆ ಅನಿವಾಸಿಗಳು ಹೊರದೇಶದ ಗಳಿಕೆ ಇಡುವ ಬ್ಯಾಂಕ್ ಖಾತೆ, ತೆರೆಯಿರಿ. ಕೆಲಸಕ್ಕೆಂದು ಹೊರಟ ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಆದಾಯ ತೆರಿಗೆಗೂ ಅನಿವಾಸಿಯೇ. ರಜೆಗೆ ಬರುವ ಮುಂಚೆ ದಿನ ಎಣಿಸಿ.

ಅಪ್ಪ ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿ ಹವಾಲ್ದಾರ್ ಆಗಿದ್ದವರು. ಅವರಿಗೂ ಅವಕಾಶ ಉಂಟೇ?

ಉಂಟು. ಜಬಲ್ಪುರದಲ್ಲಿ ತರಬೇತಿ ಪಡೆದು ಗುಡ್ಡದ ಮೇಲೆ ಲೈನ್ ಎಳೆದವರಿಗೆ ನಮ್ಮಂಥ ಎಂಜಿನಿಯರುಗಳಿಗಿಂತ ಈ ಕೆಲಸ ಬೇಗ ಒಗ್ಗುತ್ತದೆ. ಐಪಿ ನೆಟ್‌ವರ್ಕಿಂಗ್ ಕಲಿತುಕೊಂಡರೆ ಸಾಕು.

ವಾಪಸ್ ಬಂದ ಮೇಲೆ ಜೀವನ ಮೊದಲಿನಂತೆ ಇರುತ್ತದಾ?

ಕೊಡಗಿನಲ್ಲಿ ಗುಂಡಿನ ಸದ್ದು ಜೀವನದ ಭಾಗ. ಪುತ್ತರಿಯ ಕದಿರು ತೆಗೆಯುವಾಗ, ಮಗು ಹುಟ್ಟಿದಾಗ, ಯಾರಾದರೂ ತೀರಿಕೊಂಡಾಗ ಕೋವಿ ಹಾರಿಸುತ್ತೇವೆ. ಸಿದ್ದಾಪುರದ ಕಡೆ ಆನೆ ಓಡಿಸಲು ರಾತ್ರಿ ಪಟಾಕಿ ಸಿಡಿಸುತ್ತಾರೆ. ಹೊಸದಾಗಿ ಮರಳಿದವನು ಆ ಸದ್ದಿಗೆ ನೆಲಕ್ಕೆ ಬಿದ್ದರೆ ದಯವಿಟ್ಟು ನಗಬೇಡಿ. ಮೈ ಕಲಿತ ಪಾಠ ಅದು, ಮರೆಯಲು ಸಮಯ ಬೇಕು. ನಿದ್ದೆ ಬಾರದಿರುವುದು, ಸಣ್ಣದಕ್ಕೂ ರೇಗುವುದು, ಕುಡಿತ ಹೆಚ್ಚುವುದು ತಿಂಗಳುಗಟ್ಟಲೆ ಉಳಿದರೆ ವೈದ್ಯರನ್ನು ಕಾಣಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ಸೈನಿಕರ ಮನೆಗಳಲ್ಲಿ ಹುಟ್ಟಿದ ನಮಗೆ ಮನಸ್ಸು ಸೋತಿದೆ ಎನ್ನಲು ನಾಚಿಕೆ. ಆ ನಾಚಿಕೆಯಿಂದ ಒಳ್ಳೊಳ್ಳೆಯ ಹುಡುಗರು ಹಾಳಾಗುವುದನ್ನು ನೋಡಲಾರೆ.

ಎದೆಯನ್ನೂ ಪರೀಕ್ಷಿಸಿಕೊಳ್ಳಿ. ನೆಲೆಗಳಲ್ಲಿ ಪ್ಲಾಸ್ಟಿಕ್, ಬ್ಯಾಟರಿ, ಎಲ್ಲ ಕಸವನ್ನೂ ತೆರೆದ ಗುಂಡಿಯಲ್ಲಿ ಸುಡುತ್ತಿದ್ದರು. ಆ ಹೊಗೆ ಕುಡಿದ ತಮ್ಮ ಮಾಜಿ ಸೈನಿಕರಿಗೆ ಅಮೆರಿಕ 2022ರಲ್ಲಿ ಪ್ರತ್ಯೇಕ ಕಾನೂನು ಮಾಡಿತು. ಅದೇ ಹೊಗೆಯಲ್ಲಿದ್ದ ನೇಪಾಳ, ಭಾರತ, ಫಿಲಿಪೀನ್ಸ್‌ನ ಕೆಲಸಗಾರರು ಅದರಲ್ಲಿ ಇಲ್ಲ. ಇದು ಅನ್ಯಾಯ.

ಕೆಲಸ ಬಿಡುವಾಗ ಯಾವ ಕಾಗದ ತರಬೇಕು?

ಅನುಭವ ಪತ್ರ, ಎಲ್ಲ ಸಂಬಳ ಚೀಟಿಗಳು, ಅಲ್ಲಿನ ಆಸ್ಪತ್ರೆಯಲ್ಲಿ ತೋರಿಸಿದ್ದರೆ ಅದರ ದಾಖಲೆ, ವಿಮೆ ಕಂಪನಿಯ ಹೆಸರು ಮತ್ತು ಪಾಲಿಸಿ ಸಂಖ್ಯೆ, ನಿಮ್ಮ ಮೇಲಧಿಕಾರಿಯ ಖಾಸಗಿ ಇ-ಮೇಲ್. ಗುತ್ತಿಗೆ ಮುಗಿದ ಮರುದಿನ ಕಂಪನಿಯ ಮೇಲ್ ತೆರೆಯುವುದಿಲ್ಲ, ನೆಲೆಯೇ ಮುಚ್ಚಿದರೆ ಕೇಳಲು ಯಾರೂ ಉಳಿದಿರುವುದಿಲ್ಲ. ಆದ್ದರಿಂದ ಕೊನೆಯ ವಾರಕ್ಕೆ ಬಿಡದೆ, ಪ್ರತಿ ಸಲ ರಜೆಗೆ ಬರುವಾಗ ಅಲ್ಲಿಯವರೆಗಿನದನ್ನು ತಂದು ಒಂದು ಪ್ರತಿಯನ್ನು ಮನೆಯಲ್ಲಿ ಇಡಿ. ಯಾವ ಬೀರುವಿನಲ್ಲಿದೆ ಎಂದು ಮನೆಯ ಇಬ್ಬರಿಗಾದರೂ ತಿಳಿದಿರಲಿ.